ಹದಿನೈದು ದಿನ ರಜೆ, 1420 ಸಾಲು

ಹೋದ ವಾರ ಓದಿ ಮುಗಿಸಿದೆ. ಅದೂ ಎರಡನೇ ಸಲ. ಸೊಫೊಕ್ಲೀಸ್ ಬರೆದ 1420 ಸಾಲಿನ ನಾಟಕ ‘ಏಜಾಕ್ಸ್’. ಗ್ರೀಕ್ ರುದ್ರನಾಟಕ ಅಂದರೆ ಈಡಿಪಸ್ ಹೆಸರು ಬಿಟ್ಟು ಬೇರೇನೂ ಗೊತ್ತಿಲ್ಲದವಳು ನಾನು. ದಾರಿಯಲ್ಲಿ ಎಲ್ಲೆಲ್ಲಿ ಎಡವಿದೆ ಅಂತ ಬರೆದಿಟ್ಟರೆ ನಿಮಗಾದರೂ ಸ್ವಲ್ಪ ಸುಲಭವಾದೀತು ಅಂತ ಕೂತಿದ್ದೇನೆ.

ಮೊದಲು ಈ ನಾಟಕ ನನ್ನ ಕೈಗೆ ಯಾಕೆ ಬಂತು ಅನ್ನೋದನ್ನು ಹೇಳಬೇಕು. ಒಂದೇ ಸಂಸ್ಥೆಯಲ್ಲಿ 27 ವರ್ಷದಿಂದ ಲೆಕ್ಕಪತ್ರ ನೋಡಿಕೊಂಡಿದ್ದೇನೆ. ಹೋದ ತಿಂಗಳು ದೊಡ್ಡ ಕುರ್ಚಿ ಖಾಲಿಯಾಯಿತು. ಅದು ನನಗೇ ಅಂತ ಜವಾನನಿಂದ ಹಿಡಿದು ಎಲ್ಲರೂ ಹೇಳುತ್ತಿದ್ದರು. ಇಂಟರ್‌ವ್ಯೂ ಆಯಿತು. ಕುರ್ಚಿ ನನಗಿಂತ ಹನ್ನೊಂದು ವರ್ಷ ಚಿಕ್ಕವರೊಬ್ಬರಿಗೆ ಹೋಯಿತು. ಅವರು ಚೆನ್ನಾಗಿ ಮಾತಾಡುತ್ತಾರೆ. ನಾನು ಚೆನ್ನಾಗಿ ಲೆಕ್ಕ ಬರೆಯುತ್ತೇನೆ. ಆಕ್ಷೇಪಣೆ ಪತ್ರ ಕೊಟ್ಟೆ. ‘ಪರಿಶೀಲಿಸಲಾಗುವುದು’ ಅಂತ ಎರಡು ಸಾಲಿನ ಉತ್ತರ ಬಂತು. ಅದೇ ದಿನ ಹದಿನೈದು ದಿನದ ಗಳಿಕೆ ರಜೆ ಬರೆದೆ. ಆ ಅರ್ಜಿಗೆ ಸಹಿ ಹಾಕಬೇಕಾದವರು ಆ ಹೊಸ ಸಾಹೇಬರೇ. ಒಂದು ನಿಮಿಷದಲ್ಲಿ ಹಾಕಿಕೊಟ್ಟರು. ಆ ವೇಗಕ್ಕೂ ಸಿಟ್ಟು ಬಂತು.

ಮನೆಯಲ್ಲಿ ಮೂರು ದಿನ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ನಾಲ್ಕನೇ ದಿನ ಇಂಗ್ಲಿಷ್ ಎಂ.ಎ. ಓದುತ್ತಿರುವ ಮಗಳು ಹೇಳಿದಳು: “ಅಮ್ಮಾ, ನಿನ್ನ ಕೇಸ್ ಎರಡೂವರೆ ಸಾವಿರ ವರ್ಷದ ಹಿಂದೆ ಒಬ್ಬ ಬರೆದಿಟ್ಟಿದ್ದಾನೆ, ಓದು.” ಹೆಸರು ಕೇಳಿದ ಮಗ, “ಅದು ಫುಟ್‌ಬಾಲ್ ಟೀಮ್ ಅಲ್ವಾ?” ಅಂದ. ಅವನೂ ತಪ್ಪು ಹೇಳಿರಲಿಲ್ಲ. ಆಮ್‌ಸ್ಟರ್‌ಡ್ಯಾಮಿನ ಆ ಕ್ಲಬ್ಬಿಗೆ ಹೆಸರು ಬಂದದ್ದು ಇದೇ ವೀರನಿಂದ.

ಕೇಸು ಏನಪ್ಪಾ ಅಂದರೆ, ಟ್ರಾಯ್ ಯುದ್ಧದಲ್ಲಿ ಗ್ರೀಕರ ಮಹಾವೀರ ಅಕಿಲೀಸ್ ಸತ್ತ. ಅವನ ಕವಚ, ಆಯುಧಗಳು ಅವನ ನಂತರದ ಶ್ರೇಷ್ಠ ವೀರನಿಗೆ ಸೇರಬೇಕು. ಸಲಾಮಿಸ್ ದ್ವೀಪದ ಏಜಾಕ್ಸ್‌ಗೇ ಅದು ಸಿಗಬೇಕಿತ್ತು. ಏಳು ತೊಗಲಿನ ಗುರಾಣಿ ಹಿಡಿದು ಇಡೀ ಸೈನ್ಯಕ್ಕೆ ಗೋಡೆಯಂತೆ ನಿಂತವನು ಅವನು. ತೀರ್ಪು ಕೊಡುವವರು ಆಯುಧಗಳನ್ನು ಮಾತುಗಾರ ಒಡಿಸ್ಯೂಸ್‌ಗೆ ಕೊಟ್ಟರು. ಏಜಾಕ್ಸ್ ರಾತ್ರಿ ಕತ್ತಿ ಹಿಡಿದು ಹೊರಟ. ಸೈನ್ಯದ ದೊರೆಗಳಾದ ಅಗಮೆಮ್ನಾನ್, ಮೆನೆಲಾಯಸ್, ಜೊತೆಗೆ ಒಡಿಸ್ಯೂಸ್, ಮೂವರನ್ನೂ ಮುಗಿಸಲು. ಅಥೀನಾ ದೇವಿ ಅವನ ಬುದ್ಧಿ ಕೆಡಿಸಿದಳು. ಶತ್ರುಗಳು ಅಂದುಕೊಂಡು ಸೈನ್ಯದ ದನ ಕುರಿಗಳನ್ನು ಕಡಿದು ಹಾಕಿದ. ಕೆಲವನ್ನು ಕಟ್ಟಿ ಡೇರೆಗೆ ಎಳೆದು ತಂದು ಚಾವಟಿಯಿಂದ ಹೊಡೆದ. ನಾಟಕ ಶುರುವಾಗುವುದು ಮರುದಿನ ಬೆಳಿಗ್ಗೆ.

ಇಷ್ಟು ಕೇಳಿದ ಮೇಲೆ ಬಿಡೋಕಾಗುತ್ತಾ? ಪುಸ್ತಕ ಹುಡುಕಲು ಹೊರಟೆ.

ಮೊದಲ ಎಡವಟ್ಟು ಇಲ್ಲೇ. ಕನ್ನಡದಲ್ಲೇ ಓದೋಣ ಅಂತ ಆಸೆ. ಬಿ.ಎಂ.ಶ್ರೀ 1929ರಲ್ಲೇ ಈ ನಾಟಕವನ್ನು ಕನ್ನಡಕ್ಕೆ ಒಗ್ಗಿಸಿ ‘ಅಶ್ವತ್ಥಾಮನ್’ ಬರೆದಿದ್ದಾರೆ. ಹಳೇ ಪ್ರತಿಯೊಂದು ಮಾವನವರ ಬೀರುವಿನಲ್ಲೇ ಸಿಕ್ಕಿತು. ಹೆಸರಲ್ಲೇ ಹಳಗನ್ನಡದ ವಾಸನೆ ಇದೆಯಲ್ಲ, ಒಳಗೂ ಹಾಗೇ. ಅರ್ಧ ದಿನ ಕೂತು ಐದಾರು ಪುಟ ದಾಟಿದೆ. ಒಂದು ಮಾತು ಮಾತ್ರ ತಲೆಯಲ್ಲಿ ಉಳಿಯಿತು. ರಾತ್ರಿ ಹೊತ್ತು ಪಾಂಡವರ ಪಾಳೆಯಕ್ಕೆ ನುಗ್ಗಿ ಮಲಗಿದ್ದವರನ್ನು ಕೊಂದ ಅಶ್ವತ್ಥಾಮನನ್ನು ಏಜಾಕ್ಸ್ ಜಾಗಕ್ಕೆ ತಂದದ್ದು ಎಂಥ ಕಣ್ಣು! ಆದರೆ ನಮ್ಮ ಪುರಾಣದಲ್ಲಿ ಅವನು ಚಿರಂಜೀವಿ. ಶ್ರೀಯವರ ನಾಟಕದಲ್ಲಿ ಸಾಯಬೇಕಾಗುತ್ತದೆ. ಸಾವೇ ಇಲ್ಲದವನನ್ನು ಸಾಯಿಸುವ ಧೈರ್ಯ ಮಾಡಿದ್ದಾರೆ. ಅದನ್ನು ಆಮೇಲೆ ಓದುತ್ತೇನೆ ಅಂತ ಎತ್ತಿಟ್ಟೆ. ನಿಮಗೆ ಹಳಗನ್ನಡ ಬರುತ್ತದಾದರೆ ಅಲ್ಲಿಂದಲೇ ಶುರು ಮಾಡಿ, ನನ್ನ ಹಾಗೆ ಸುತ್ತಬೇಡಿ.

ಎರಡನೆಯದು, ಆನ್‌ಲೈನಿನಲ್ಲಿ ತರಿಸಿದ ಇಂಗ್ಲಿಷ್ ಪುಸ್ತಕ. ಆರು ದಿನ ಕಾದೆ. ಬಿಚ್ಚಿ ನೋಡಿದರೆ ಮಕ್ಕಳಿಗಾಗಿ ಬರೆದ ಗ್ರೀಕ್ ಕಥೆಗಳು. ಬಣ್ಣದ ಚಿತ್ರ ಬೇರೆ. 340 ರೂಪಾಯಿ. ವಾಪಸ್ ಕಳಿಸಿದೆ, ದುಡ್ಡು ಇನ್ನೂ ಬಂದಿಲ್ಲ. ಅಷ್ಟರಲ್ಲಿ ಮಗಳು ಅಂತರ್ಜಾಲದಿಂದ ಒಂದು ಹಳೇ ಅನುವಾದ ಪುಕ್ಕಟೆ ಇಳಿಸಿಕೊಟ್ಟಳು. ಅದನ್ನು ಬೀದಿ ಕೊನೆಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಸ್ಪೈರಲ್ ಬೈಂಡಿಂಗ್ ಮಾಡಿಸಿದೆ. 130 ರೂಪಾಯಿ. ಹತ್ತೊಂಬತ್ತನೇ ಶತಮಾನದ ಇಂಗ್ಲಿಷು, ಸ್ವಲ್ಪ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಆದರೆ ಪಕ್ಕದಲ್ಲಿ ಸಾಲಿನ ನಂಬರ್ ಇತ್ತು. ಯಾವ ಅನುವಾದವಾದರೂ ಸರಿ, ಸಾಲಿನ ನಂಬರ್ ಇರುವುದನ್ನೇ ತಗೊಳ್ಳಿ. ಯಾವ ಪುಸ್ತಕದಲ್ಲಿ ನೋಡಿದರೂ ನಾಟಕದ ಒಂದೊಂದು ಮಾತಿಗೂ ಅದೇ ವಿಳಾಸ. ಇನ್ನೊಂದು, ಮುನ್ನುಡಿ ಮೊದಲು ಓದಬೇಡಿ. ನಲವತ್ತು ಪುಟ ಓದಿ ನನಗೆ ನಿದ್ದೆ ಬಂದದ್ದಷ್ಟೇ ಲಾಭ.

ರಜೆಯ ಹತ್ತನೇ ದಿನ ಕೊನೆಗೂ ಒಂದನೇ ಸಾಲು.

ಶುರುವಿಗೇ ಅಥೀನಾ ಮತ್ತು ಒಡಿಸ್ಯೂಸ್. ದೇವಿ ಅವನಿಗೆ ಹುಚ್ಚು ಹಿಡಿದ ಏಜಾಕ್ಸ್‌ನನ್ನು ತೋರಿಸುತ್ತಾಳೆ. ಶತ್ರುವನ್ನು ನೋಡಿ ನಗುವುದಕ್ಕಿಂತ ಸಿಹಿಯಾದ ನಗು ಇನ್ಯಾವುದಿದೆ ಅಂತ ಕೇಳುತ್ತಾಳೆ. ನಾನು ಒಡಿಸ್ಯೂಸ್ ಬಂದ ಕಡೆಯೆಲ್ಲ ಹಲ್ಲು ಕಚ್ಚಿಕೊಂಡು ಓದಿದೆ. ಅವನು ಏನು ಉತ್ತರ ಕೊಟ್ಟ ಅನ್ನೋದು ಆಗ ತಲೆಗೇ ಹೋಗಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಇದಕ್ಕೆ ವಾಪಸ್ ಬರುತ್ತೇನೆ.

ಆಮೇಲೆ ಮೇಳ, ಅಂದರೆ ನಡುನಡುವೆ ಹಾಡುವ ಗುಂಪು, ಬರುತ್ತದೆ. ಏಜಾಕ್ಸ್‌ನ ಹಡಗಿನ ನಾವಿಕರು. ಈ ಮೇಳದ ಹಾಡುಗಳನ್ನು ಮೊದಲು ಹಾರಿಸಿಕೊಂಡೇ ಹೋದೆ. ಸಿನಿಮಾದಲ್ಲಿ ಹಾಡು ಬಂದಾಗ ಎದ್ದು ಹೋಗುವ ಅಭ್ಯಾಸ. ತಪ್ಪು ಮಾಡಿದೆ, ಯಾಕೆ ಅಂತ ಹೇಳುತ್ತೇನೆ.

ಏಜಾಕ್ಸ್‌ಗೆ ಬುದ್ಧಿ ಮರಳುತ್ತದೆ. ಸುತ್ತ ಸತ್ತ ದನಗಳು. ನಡುವೆ ತಾನು. ಅವನ ಅಳು ಓದುವಾಗ ನನಗೆ ಆಫೀಸಿನ ಆ ಮಧ್ಯಾಹ್ನ ನೆನಪಾಯಿತು. ಹೆಸರು ಓದಿದ ಕ್ಷಣ, ಎಲ್ಲರೂ ನನ್ನ ಮುಖ ನೋಡಿದ್ದು. ನಾನೇನೂ ಕುರಿ ಕಡಿದಿರಲಿಲ್ಲ, ನಿಜ. ಆದರೆ ಲೆಡ್ಜರ್ ಮೇಜಿನ ಮೇಲೆ ಕುಕ್ಕಿ ಎದ್ದು ಬಂದಿದ್ದೆ. ಜನ ನಗುತ್ತಾರೆ, ಅಪ್ಪನಿಗೆ ಹೇಗೆ ಮುಖ ತೋರಿಸಲಿ, ಅಂತ ಅವನು ಹಲುಬುತ್ತಾನೆ. ಗ್ರೀಕ್‌ನಲ್ಲಿ ಅವನ ಹೆಸರು ಐಯಾಸ್. ‘ಐ ಐ’ ಅನ್ನುವುದು ಅವರ ಗೋಳಿನ ಕೂಗು. ನನ್ನ ಹೆಸರೇ ಗೋಳಾಗುತ್ತದೆ ಅಂತ ಯಾರು ಅಂದುಕೊಂಡಿದ್ದರು, ಅನ್ನುತ್ತಾನೆ. ನಾನು ಪೂರ್ತಿ ಅವನ ಕಡೆ. ನಾನೂ ಸೇರಿಕೊಂಡು ಅತ್ತುಬಿಟ್ಟೆ ಅಂತಲೇ ಇಟ್ಟುಕೊಳ್ಳಿ.

ಹಾಗೆ ಅವನ ಪಕ್ಷ ಕಟ್ಟಿಕೊಂಡು ಕೂತಾಗಲೇ 293ನೇ ಸಾಲು ಕಣ್ಣಿಗೆ ಬಿತ್ತು. ಸಾಲಿನ ಲೆಕ್ಕದಲ್ಲಿ ಅದು ಇದಕ್ಕಿಂತ ಮೊದಲೇ ಇದೆ. ಆಗ ಓದುವ ಅವಸರದಲ್ಲಿ ದಾಟಿಬಿಟ್ಟಿದ್ದೆ. ಏಜಾಕ್ಸ್ ಜೊತೆ ಬಾಳುತ್ತಿರುವ ಟೆಕ್ಮೆಸ್ಸಾ ಹೇಳುವ ಮಾತು. ಅವನು ನಡುರಾತ್ರಿ ಕತ್ತಿ ಹಿಡಿದು ಹೊರಟಾಗ, ಎಲ್ಲಿಗೆ, ಯಾರೂ ಕರೆದಿಲ್ಲವಲ್ಲ, ಅಂತ ಅವಳು ಕೇಳಿದ್ದಾಳೆ. ಅದಕ್ಕವನು, ಹೆಂಗಸೇ, ಮೌನವೇ ಹೆಂಗಸರಿಗೆ ಒಡವೆ, ಅಂದನಂತೆ. ಯಾವಾಗಲೂ ಹಾಡುವ ಅದೇ ಹಳೇ ಪಲ್ಲವಿ ಅಂತ ಟೆಕ್ಮೆಸ್ಸಾಳೇ ಸೇರಿಸುತ್ತಾಳೆ. ಪೆನ್ಸಿಲ್ ಕೆಳಗಿಟ್ಟೆ. ಅವಳು ಕೇಳಿದ ಒಂದು ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಟ್ಟಿದ್ದರೆ ಇಡೀ ನಾಟಕವೇ ಇರುತ್ತಿರಲಿಲ್ಲ! ಇಂಟರ್‌ವ್ಯೂನಲ್ಲಿ ಒಬ್ಬರು ನನಗೆ, “ಮೇಡಂ, ನೀವು ಮೀಟಿಂಗಿನಲ್ಲಿ ಸ್ವಲ್ಪ ಜಾಸ್ತಿ ಮಾತಾಡ್ತೀರಂತೆ” ಅಂದಿದ್ದರು. ಚೆನ್ನಾಗಿ ಮಾತಾಡುವುದು ಬೇರೆ, ಜಾಸ್ತಿ ಮಾತಾಡುವುದು ಬೇರೆ. ಮೊದಲನೆಯದು ಗಂಡಸರಿಗೆ ಅಂತ ಕಾಣುತ್ತದೆ.

ಟೆಕ್ಮೆಸ್ಸಾ ಯುದ್ಧದಲ್ಲಿ ಸೆರೆ ಸಿಕ್ಕವಳು. ಅವಳ ಊರನ್ನು ಹಾಳು ಮಾಡಿದವನೇ ಏಜಾಕ್ಸ್. ಅವನಿಗೇ ಅವಳು ಮಗನನ್ನು ಹೆತ್ತಿದ್ದಾಳೆ. ನನಗೆ ನೀನು ಬಿಟ್ಟರೆ ಇನ್ಯಾರೂ ಇಲ್ಲ, ನನ್ನ ನಾಡನ್ನು ಭರ್ಜಿಯಿಂದ ಅಳಿಸಿದವನು ನೀನೇ, ಅಂತ ಅವಳು ಒಂದೇ ಉಸಿರಿನಲ್ಲಿ ಹೇಳುತ್ತಾಳೆ. ಆ ಜಾಗದಲ್ಲಿ ಪುಟದ ಅಂಚಿನಲ್ಲಿ ಏನೂ ಬರೆಯಲು ತೋಚಲಿಲ್ಲ. ಅವನ ಅವಮಾನ ದೊಡ್ಡದು, ಒಪ್ಪಿದೆ. ಆದರೆ ಡೇರೆಯೊಳಗೆ ಅದನ್ನು ಒರೆಸುವವಳು ಇವಳು. ಆ ಮೂರು ದಿನ ನಾನು ಮಾತು ಬಿಟ್ಟಾಗ ಮನೆಯಲ್ಲಿ ಯಾರು ಏನು ಒರೆಸಿದರು ಅಂತ ಯೋಚನೆ ಬಂತು. ಅಡುಗೆಮನೆಗೆ ಹೋಗಿ ನೋಡಿದರೆ 80 ದಾಟಿದ ನಮ್ಮ ಅತ್ತೆ ಒಬ್ಬರೇ ಕೂತು ಸೊಪ್ಪು ಬಿಡಿಸುತ್ತಿದ್ದರು.

ಮುಂದಿನ ಭಾಗದಲ್ಲಿ ನಾನು ಮೋಸ ಹೋದೆ. 646ನೇ ಸಾಲಿನಿಂದ ಏಜಾಕ್ಸ್ ತಣ್ಣಗಾಗಿ ಮಾತಾಡುತ್ತಾನೆ. ಚಳಿಗಾಲ ಬೇಸಿಗೆಗೆ ದಾರಿ ಬಿಡುತ್ತದೆ, ರಾತ್ರಿ ಹಗಲಿಗೆ ಜಾಗ ಕೊಡುತ್ತದೆ, ನಾವು ಬಾಗುವುದನ್ನು ಕಲಿಯಬಾರದೇ, ಅನ್ನುತ್ತಾನೆ. ಸಮುದ್ರದ ದಡಕ್ಕೆ ಹೋಗಿ ಮೈ ತೊಳೆದು, ಈ ಕತ್ತಿಯನ್ನು ಮಣ್ಣಿನಲ್ಲಿ ಬಚ್ಚಿಟ್ಟು ಬರುತ್ತೇನೆ ಅನ್ನುತ್ತಾನೆ. ಸದ್ಯ, ಸುಧಾರಿಸಿಕೊಂಡ ಅಂತ ನಿಟ್ಟುಸಿರು ಬಿಟ್ಟೆ. ಮೇಳವೂ ಖುಷಿಯಿಂದ ಕುಣಿಯುತ್ತದೆ. ಆ ಹಾಡು ಹಾರಿಸಿಬಿಟ್ಟರೆ ಮುಂದಿನ ಪೆಟ್ಟು ಅರ್ಧ ಮಾತ್ರ ತಾಗುತ್ತದೆ. ಯಾಕೆಂದರೆ ಹಾಡು ಮುಗಿಯುತ್ತಲೇ ದೂತ ಓಡಿ ಬರುತ್ತಾನೆ. ಕಣಿ ಹೇಳುವ ಕಾಲ್ಕಸ್ ಹೇಳಿದ್ದಾನಂತೆ: ಅಥೀನಾಳ ಕೋಪ ಈ ಒಂದು ದಿನ ಮಾತ್ರ. ಇವತ್ತೊಂದು ದಿನ ಅವನನ್ನು ಡೇರೆ ಬಿಟ್ಟು ಹೊರಗೆ ಬಿಡಬೇಡಿ.

ಅವನು ಆಗಲೇ ಹೊರಟುಹೋಗಿದ್ದಾನೆ.

ಕಥೆಯನ್ನು ಅತ್ತೆಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಅವರು ಸೊಪ್ಪು ಕೆಳಗಿಟ್ಟು, “ಅಯ್ಯೋ, ಒಂದು ದಿನ! ಒಂದು ದಿನ ಯಾರಾದರೂ ಕೈ ಹಿಡಿದು ಕೂರಿಸಬಾರದಿತ್ತೇ?” ಅಂದರು.

815ರಿಂದ 865ರವರೆಗೆ ಏಜಾಕ್ಸ್ ಒಬ್ಬನೇ, ಸಮುದ್ರದ ದಡದಲ್ಲಿ. ನೆಲದಲ್ಲಿ ಕತ್ತಿ ನೆಟ್ಟಿದ್ದಾನೆ. ಆ ಕತ್ತಿ ಟ್ರಾಯ್ ಕಡೆಯ ಶತ್ರು ಹೆಕ್ಟರ್ ಕೊಟ್ಟ ಉಡುಗೊರೆ. ಶತ್ರುಗಳು ಕೊಟ್ಟದ್ದು ಉಡುಗೊರೆಯೇ ಅಲ್ಲ ಅಂತ ಅವನೇ ಮೊದಲು ಹೇಳಿರುತ್ತಾನೆ. ಗ್ರೀಕ್ ನಾಟಕಗಳಲ್ಲಿ ಸಾವು ಸಾಮಾನ್ಯವಾಗಿ ಒಳಗೆ ಆಗುತ್ತದೆ, ಯಾರೋ ಬಂದು ಸುದ್ದಿ ಹೇಳುತ್ತಾರೆ. ಇಲ್ಲಿ ಮೇಳವನ್ನೂ ಆಚೆ ಕಳಿಸಿ ಸೊಫೊಕ್ಲೀಸ್ ಇವನನ್ನು ನಮ್ಮೆದುರು ಒಂಟಿ ಮಾಡುತ್ತಾನೆ. ಎಕ್ಸೇಕಿಯಾಸ್ ಎಂಬ ಕುಂಬಾರ ಕಲಾವಿದ ಇನ್ನೂ ಮುಂಚೆಯೇ, ಕ್ರಿ.ಪೂ. ಆರನೇ ಶತಮಾನದಲ್ಲಿ, ಇದೇ ಗಳಿಗೆಯನ್ನು ಒಂದು ಹೂಜಿಯ ಮೇಲೆ ಬರೆದಿದ್ದಾನೆ. ಮಗಳು ಚಿತ್ರ ತೋರಿಸಿದಳು. ಏಜಾಕ್ಸ್ ಬಗ್ಗಿ ಕೂತು, ಗಿಡ ನೆಡುವವರ ಹಾಗೆ, ಕತ್ತಿಯ ಬುಡಕ್ಕೆ ಮಣ್ಣು ಒತ್ತುತ್ತಿದ್ದಾನೆ. ನಿಮ್ಮ ಮನಸ್ಸು ಸರಿಯಿಲ್ಲದ ದಿನ ಈ ಐವತ್ತು ಸಾಲು ಓದಬೇಡಿ, ರಾತ್ರಿ ಒಬ್ಬರೇ ಕೂತಂತೂ ಬೇಡವೇ ಬೇಡ. ನಾನು ಪುಸ್ತಕ ಮುಚ್ಚಿ ಹೋಗಿ ಅತ್ತೆ ಪಕ್ಕ ಮಲಗಿದೆ.

ಬೆಳಿಗ್ಗೆ ನೋಡಿದರೆ ಇನ್ನೂ 555 ಸಾಲು ಬಾಕಿ! ನಾಯಕ ಸತ್ತ ಮೇಲೆ ಇನ್ನೇನಿದೆ? ಇದು ನನ್ನ ದೊಡ್ಡ ಅಡ್ಡಿ. ಟ್ಯೂಸರ್ ಅಂತ ಏಜಾಕ್ಸ್‌ನ ಮಲತಮ್ಮ ಬರುತ್ತಾನೆ. ಹೆಣದ ಮುಂದೆ ಕೂತು, ಊರಿಗೆ ಹೋದರೆ ಅಪ್ಪ ಏನನ್ನುತ್ತಾನೋ, ಒಳ್ಳೇದಾದಾಗಲೇ ನಗದ ಮನುಷ್ಯ, ಅಂತ ಅಳುತ್ತಾನೆ. ಆಮೇಲೆ ಮೆನೆಲಾಯಸ್ ಬಂದು ಹೂಳಬಾರದು ಅನ್ನುತ್ತಾನೆ. ಜಗಳ. ಆಮೇಲೆ ಅಗಮೆಮ್ನಾನ್ ಬಂದು ಅದನ್ನೇ ಅನ್ನುತ್ತಾನೆ. ಮತ್ತೆ ಜಗಳ. ನಿನ್ನ ತಾಯಿ ಸೆರೆಯಾಳು, ನೀನು ಬರೀ ಬಿಲ್ಲುಗಾರ, ಅಂತೆಲ್ಲ ಹುಟ್ಟು ಎತ್ತಿ ಆಡುತ್ತಾರೆ. ಪಾಲು ಕೇಳಿಕೊಂಡು ಅಂಗಳದಲ್ಲಿ ನಿಂತು ಬೈದಾಡುವ ದಾಯಾದಿಗಳ ಹಾಗೆ. ಏಜಾಕ್ಸ್‌ನ ಎತ್ತರದ ಮಾತು ಕೇಳಿ ಬಂದ ಕಿವಿಗೆ ಇದು ತೀರಾ ಸಣ್ಣದು ಅನ್ನಿಸಿತು. ಎರಡು ದಿನ ಪುಸ್ತಕ ಮುಟ್ಟಲಿಲ್ಲ. ಇಲ್ಲಿ ಬಿಡಬೇಡಿ, ದಯವಿಟ್ಟು.

ಮತ್ತೆ ಹಿಡಿಸಿದ್ದು ಅತ್ತೆಯೇ. “ಮಣ್ಣು ಮಾಡಿದ್ರೋ ಇಲ್ವೋ?” ಅಂತ ಕೇಳಿದರು. ಅವರಿಗೆ ಆಯುಧ ಯಾರಿಗೆ ಸೇರಿತು ಅನ್ನುವ ಚಿಂತೆಯೇ ಇರಲಿಲ್ಲ. ಹೆಣ ಇನ್ನೂ ಬಿಸಿಲಲ್ಲಿ ಬಿದ್ದಿದೆಯಲ್ಲ ಅನ್ನೋದೊಂದೇ. ಆಗ ಹೊಳೆಯಿತು. ಅಥೆನ್ಸಿನಲ್ಲಿ ಬೆಟ್ಟದ ಇಳಿಜಾರಿನಲ್ಲಿ ಕೂತು ನೋಡಿದ ಜನಕ್ಕೂ ಅದೇ ಚಿಂತೆ ಇದ್ದಿರಬೇಕು. ಏಜಾಕ್ಸ್ ಅವರಿಗೆ ಬರೀ ಕಥೆಯ ಪಾತ್ರ ಅಲ್ಲ. ನಗರದ ಹತ್ತು ಬಣಗಳಲ್ಲಿ ಒಂದಕ್ಕೆ ಅವನದೇ ಹೆಸರು. ಅವನಿಗೆ ಪೂಜೆ ಸಲ್ಲಿಸುತ್ತಿದ್ದರು. ಮಣ್ಣಾಗದ ವೀರನಿಗೆ ಎಲ್ಲಿಯ ಪೂಜೆ?

ಕೊನೆಗೆ ಒಡಿಸ್ಯೂಸ್ ಬರುತ್ತಾನೆ. ಮುಗಿಯಿತು, ಇವನೂ ಒದೆಯುತ್ತಾನೆ ಅಂದುಕೊಂಡೆ. ಅವನು ಅಗಮೆಮ್ನಾನ್‌ಗೆ, ಹೂಳಲು ಬಿಡು, ಅಂತಾನೆ. ಸೈನ್ಯದಲ್ಲಿ ನನ್ನನ್ನು ಎಲ್ಲರಿಗಿಂತ ಜಾಸ್ತಿ ದ್ವೇಷಿಸಿದವನು ಇವನೇ, ಆದರೂ ಅಕಿಲೀಸ್ ಬಿಟ್ಟರೆ ಟ್ರಾಯ್‌ಗೆ ಬಂದವರಲ್ಲಿ ಇವನೇ ಶ್ರೇಷ್ಠ, ಅಂತ ಬಾಯಿಬಿಟ್ಟು ಒಪ್ಪುತ್ತಾನೆ. ಆ ಮಾತನ್ನು ಆಯುಧ ಹಂಚುವ ದಿನ ಹೇಳಬಹುದಿತ್ತಲ್ಲ, ಅಂತ ನಾನು ಅಂಚಿನಲ್ಲಿ ಬರೆದೆ. ಯಾಕೆ ಇಷ್ಟು ವಕಾಲತ್ತು ಅಂತ ಅಗಮೆಮ್ನಾನ್ ಕೇಳಿದರೆ, ನನಗೂ ಒಂದು ದಿನ ಇದೇ ಬೇಕಾಗುತ್ತದೆ, ಅನ್ನುತ್ತಾನೆ. ಎಲ್ಲರೂ ತಮಗಾಗಿಯೇ ದುಡಿಯುತ್ತಾರೆ ಬಿಡು, ಅಂತ ಅಗಮೆಮ್ನಾನ್ ಚುಚ್ಚಿದರೆ, ಇನ್ಯಾರಿಗಾಗಿ ದುಡಿಯಲಿ, ಅಂತಾನೆ. ಇದು ನನಗೆ ಹಿಡಿಸಿತು. ದೊಡ್ಡಸ್ತಿಕೆಯ ಮಾತಾಡಿದ್ದರೆ ನಂಬುತ್ತಿರಲಿಲ್ಲ.

ಮುಗಿಸಿದ್ದೇ ಮತ್ತೆ ಮೊದಲ ಪುಟಕ್ಕೆ ಹೋದೆ. 121ನೇ ಸಾಲು. ಅಥೀನಾ ನಗು ಅಂದಾಗ ಅವನು ಕೊಟ್ಟ ಉತ್ತರ. ಇವನು ನನ್ನ ಶತ್ರು, ಆದರೂ ಕನಿಕರ ಬರುತ್ತದೆ, ಇವನ ಗತಿಯಲ್ಲಿ ನನ್ನ ಗತಿಯೇ ಕಾಣುತ್ತಿದೆ, ಬದುಕಿರುವ ನಾವೆಲ್ಲ ಬರೀ ನೆರಳು, ಅಂದಿದ್ದಾನೆ. ಎಲ್ಲಾ ಶುರುವಾಗುವ ಮೊದಲೇ ಹೇಳಿಬಿಟ್ಟಿದ್ದಾನೆ. ಆ ಪುಟದಲ್ಲಿ ನಾನು ಗೀಟು ಹಾಕಿದ್ದು ಅಥೀನಾಳ ಮಾತಿಗೆ ಮಾತ್ರ. ಹಾಗಾಗಿ ಎರಡನೇ ಓದು. ಈ ಸಲ ಒಂದೇ ದಿನ ಸಾಕಾಯಿತು.

ಎರಡನೇ ಸಲ ನಾನು ನಿಂತದ್ದು ಟ್ಯೂಸರ್ ಹತ್ತಿರ. ಒಡಿಸ್ಯೂಸ್ ನಾನೂ ಹೂಳಲು ಕೈ ಹಾಕುತ್ತೇನೆ ಅನ್ನುತ್ತಾನೆ. ಟ್ಯೂಸರ್ ಅವನನ್ನು ಬಾಯ್ತುಂಬ ಹೊಗಳುತ್ತಾನೆ. ಆದರೆ ಹೆಣ ಮುಟ್ಟಲು ಬಿಡುವುದಿಲ್ಲ. ಸತ್ತವನಿಗೆ ಇಷ್ಟವಾಗದೇನೋ ಅಂತ ನನಗೆ ಅಳುಕು, ಬೇರೆ ಕೆಲಸಕ್ಕೆ ಬಾ, ನೀನು ಒಳ್ಳೆಯವನು, ಅನ್ನುತ್ತಾನೆ. ಒಡಿಸ್ಯೂಸ್ ಒಪ್ಪಿ ಹೊರಟುಹೋಗುತ್ತಾನೆ. ಟ್ಯೂಸರನ ಅಳುಕು ಸುಳ್ಳಲ್ಲ. ಹೋಮರನ ‘ಒಡಿಸ್ಸಿ’ಯಲ್ಲಿ ಸತ್ತವರ ಲೋಕಕ್ಕೆ ಹೋದ ಒಡಿಸ್ಯೂಸ್ ಏಜಾಕ್ಸ್‌ನ ನೆರಳನ್ನು ಕಂಡು ಮಾತಾಡಿಸುತ್ತಾನೆ. ನೆರಳು ಒಂದೂ ಮಾತಾಡದೆ ಹೊರಟುಹೋಗುತ್ತದೆ. ಹೆಂಗಸರಿಗೆ ಮೌನ ಒಡವೆ ಅಂದವನಿಗೆ ಕೊನೆಗೆ ಉಳಿದದ್ದು ಅದೊಂದೇ ಒಡವೆ.

ಸೋಮವಾರ ಕೆಲಸಕ್ಕೆ ಹೋದೆ. ಹೊಸ ಸಾಹೇಬರೇ ನನ್ನ ಮೇಜಿನ ಹತ್ತಿರ ಬಂದರು. ನನ್ನ ಆಕ್ಷೇಪಣೆ ಪತ್ರ ಫೈಲಿನಲ್ಲೇ ಕೊಳೆಯುತ್ತಿತ್ತಂತೆ. ಅದನ್ನು ಮುಂದಿನ ಸಭೆಗೆ ನಾನೇ ಸಹಿ ಹಾಕಿ ಕಳಿಸಿದ್ದೇನೆ ಅಂದರು. “ನನಗೂ ಮುಂದೆ ಇಂಥದ್ದೇ ಆಗಬಹುದಲ್ಲ ಮೇಡಂ” ಅಂತ ನಕ್ಕರು. ನಾನು ಒಂದು ಕ್ಷಣ ಅವರ ಮುಖವನ್ನೇ ನೋಡಿದೆ, ಇವರೂ ಓದಿದ್ದಾರಾ ಅಂತ. ಇಲ್ಲ, ಓದಿದವರ ಹಾಗೆ ಕಾಣಲಿಲ್ಲ. ಮನಸಾರೆ ಥ್ಯಾಂಕ್ಸ್ ಹೇಳಿದೆ. ಅವರು ತರಿಸಿದ ಟೀ ಕುಡಿದೆ.

ಶನಿವಾರ ಅವರಿಗೆ ಸನ್ಮಾನ ಇತ್ತು. ಹಾರ, ಶಾಲು, ಹಣ್ಣಿನ ಬುಟ್ಟಿಗೆ ತಲಾ 200 ರೂಪಾಯಿ ಚಂದಾ. ಕೊಟ್ಟೆ. ಹಾರ ಹಾಕಲು ನೀವೇ ಬರಬೇಕು, ಎಲ್ಲರಿಗಿಂತ ಹಿರಿಯರು, ಅಂತ ಕರೆದರು. ಲೆಡ್ಜರ್ ಬಾಕಿ ಇದೆ ಸಾರ್, ಬೇರೆ ಏನಾದರೂ ಇದ್ದರೆ ಹೇಳಿ, ಅಂದೆ. ಅವರು ಸರಿ ಮೇಡಂ ಅಂತ ಹೋದರು.